ಕಿಯಾರಿ ಶಸ್ತ್ರಚಿಕಿತ್ಸೆಯ ನಂತರ ಹಾಸನದಲ್ಲಿ ದೊರೆತ ಫಿಸಿಯೋಥೆರಪಿ

ಸಾಲಗಾಮೆ ರಸ್ತೆಯ ಕಡೆಗಿರುವ ಈ ಸಣ್ಣ ಫಿಸಿಯೋಥೆರಪಿ ಕೇಂದ್ರಕ್ಕೆ ನಾನು ಮೊದಲ ಬಾರಿ ಹೋದ ದಿನ ಅಲ್ಲಿನ ಚಿಕಿತ್ಸಕಿ ನನ್ನ ಕುತ್ತಿಗೆಯನ್ನು ಮುಟ್ಟಲೇ ಇಲ್ಲ. "ಅಕ್ಕ, ಮೊದಲು ಡಿಸ್ಚಾರ್ಜ್ ಸಮರಿ ಓದುತ್ತೇನೆ, ಕುತ್ತಿಗೆಯ ವಿಚಾರ ಆಮೇಲೆ ನೋಡೋಣ" ಎಂದು ಕೂರಿಸಿ, ಎಂ.ಆರ್.ಐ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅರ್ಧ ಗಂಟೆ ಪ್ರಶ್ನೆಗಳನ್ನು ಕೇಳಿದರು. ಮೂರೂವರೆ ತಿಂಗಳು ಅಲ್ಲಿಗೆ ಹೋಗಿಬಂದ ನಂತರವೂ ಆ ಕೇಂದ್ರದ ಸೇವೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಆ ಅರ್ಧ ಗಂಟೆಗೆ.

ಕಾರಣ ತಿಳಿಯಬೇಕಾದರೆ ನನಗಿದ್ದ ಕಿಯಾರಿ ಎಂಬ ಕಾಯಿಲೆಯ ಸ್ವರೂಪ ತಿಳಿದಿರಬೇಕು. ಪ್ರಾಗ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರಿಯಾದ ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ 1891ರಲ್ಲಿ ವಿವರಿಸಿದ ಈ ದೋಷದಲ್ಲಿ ಕಿರುಮೆದುಳಿನ ಕೆಳತುದಿಗಳು ತಲೆಬುರುಡೆಯ ತಳದಲ್ಲಿರುವ ರಂಧ್ರದ ಮೂಲಕ ಕುತ್ತಿಗೆಯ ಕಡೆಗೆ ಜಾರಿರುತ್ತವೆ. ಸಾಮಾನ್ಯವಾಗಿ 5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಅದನ್ನು ಕಿಯಾರಿ ಒಂದನೆಯ ವಿಧವೆಂದು ಗುರುತಿಸುತ್ತಾರೆ. ನನಗೆ 11 ಮಿ.ಮೀ. ಇಳಿದಿತ್ತು. ಮೆದುಳಿನ ಸುತ್ತಲಿನ ದ್ರವದ ಹರಿವಿಗೆ ಅಡ್ಡಿಯಾಗಿ, ಬೆನ್ನುಹುರಿಯೊಳಗೆ ಸಿರಿಂಕ್ಸ್ ಎಂಬ ದ್ರವ ತುಂಬಿದ ಕುಳಿಯೂ ಆಗಿತ್ತು. ಕೆಮ್ಮಿದರೆ, ಸೀನಿದರೆ, ಕೊನೆಗೆ ಬಾಗಿಲ ಮುಂದೆ ರಂಗೋಲಿ ಹಾಕಲು ಬಗ್ಗಿದರೂ ಹಿಂದಲೆಯಲ್ಲಿ ಸಿಡಿಯುವಂತಹ ನೋವು ಬರುತ್ತಿತ್ತು. ಒಮ್ಮೆ ಕಾದ ಬಾಣಲೆ ತಾಗಿ ಬಲಗೈ ಬೆರಳುಗಳಲ್ಲಿ ಬೊಬ್ಬೆ ಎದ್ದದ್ದನ್ನು ನಾನು ಕಣ್ಣಿನಿಂದ ನೋಡಿ ತಿಳಿದೆನೇ ಹೊರತು, ಬಿಸಿ ಎಂದು ಕೈಗೆ ತಿಳಿಯಲಿಲ್ಲ. ಎಂ.ಆರ್.ಐ. ಮಾಡಿಸುವ ಮೊದಲು, ಬರೀ ಎಕ್ಸ್-ರೇ ನೋಡಿ ಕುತ್ತಿಗೆಯ ಮೂಳೆ ಸವೆದಿದೆ ಎಂದು ತೀರ್ಮಾನಿಸಿದ ಬೇರೊಂದು ಕಡೆ ನನಗೆ ಹತ್ತು ದಿನ ತೂಕ ಕಟ್ಟಿ ಕುತ್ತಿಗೆಯನ್ನು ಎಳೆಯುವ ಟ್ರ್ಯಾಕ್ಷನ್ ಕೊಟ್ಟಿದ್ದರು. ಪ್ರತಿ ಸಲ ಎದ್ದಾಗಲೂ ನಡಿಗೆ ತೂರಾಡುತ್ತಿತ್ತು. ಆ ಹತ್ತು ದಿನಗಳ ಭಯ ಇನ್ನೂ ನನ್ನಲ್ಲಿದೆ.

ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ ಆಯಿತು. ಹಿಂದಲೆಯ ತಳದ ಮೂಳೆಯ ಒಂದು ಭಾಗವನ್ನೂ ಕುತ್ತಿಗೆಯ ಮೊದಲ ಕಶೇರುವಿನ ಹಿಂಬದಿಯ ಕಮಾನನ್ನೂ ತೆಗೆದು, ಮೆದುಳಿನ ಹೊರಪೊರೆಯನ್ನು ಬಿಡಿಸಿ, ನನ್ನದೇ ನೆತ್ತಿಯ ಚರ್ಮದ ಕೆಳಗಿನ ಪೊರೆಯಿಂದ ತೇಪೆ ಹಾಕಿ ಜಾಗ ಹಿಗ್ಗಿಸಿದರು. ಏಳನೆಯ ದಿನ ಮನೆಗೆ ಕಳುಹಿಸಿದರು. ಪ್ರತಿ ರಸ್ತೆ ಉಬ್ಬಿಗೂ ನನ್ನ ಯಜಮಾನರು ಕಾರು ನಿಲ್ಲಿಸಿದಂತೆಯೇ ನಿಧಾನಗೊಳಿಸುತ್ತಾ ಹಾಸನ ತಲುಪಿಸಿದರು. ಆರು ವಾರಗಳ ನಂತರ, ಶಸ್ತ್ರಚಿಕಿತ್ಸಕರ ಲಿಖಿತ ಅನುಮತಿಯೊಂದಿಗೆ ಈ ಕೇಂದ್ರಕ್ಕೆ ಹೋದೆ.

ಮೊದಲ ದಿನದ ಪ್ರಶ್ನೆಗಳಲ್ಲೇ ಅವರ ತಿಳಿವಳಿಕೆ ಕಾಣುತ್ತಿತ್ತು. ಹೊರಪೊರೆಯನ್ನು ತೆರೆದಿದ್ದರೇ, ಗಾಯದಿಂದ ನೀರಿನಂತಹ ದ್ರವ ಜಿನುಗಿತ್ತೇ, ಜ್ವರ ಬಂದಿತ್ತೇ, ನುಂಗುವಾಗ ನೀರು ನೆತ್ತಿಗೇರುತ್ತದೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಟ್ರ್ಯಾಕ್ಷನ್, ಕುತ್ತಿಗೆ ತಿರುಚುವುದು, ಗಾಯದ ಮೇಲೆ ಮಸಾಜ್, ಇವು ಯಾವುವೂ ಇಲ್ಲಿ ಇರುವುದಿಲ್ಲವೆಂದು ಅವರಾಗಿಯೇ ಹೇಳಿದಾಗ ನನಗೆ ಕಣ್ಣೀರು ಬಂದಿತು. ಮೊದಲ ಎರಡು ವಾರ ಉಸಿರಾಟದ ಅಭ್ಯಾಸ, ಭುಜದ ಹಲಗೆಗಳನ್ನು ಹಿಂದಕ್ಕೆ ಸೆಳೆಯುವುದು ಮತ್ತು ಮಗ್ಗುಲಿಗೆ ಹೊರಳಿ ಕೈಯೂರಿ ಹಾಸಿಗೆಯಿಂದ ಏಳುವುದು ಮಾತ್ರ ಇದ್ದವು. ಬಳಿಕ ಪಾದ ಜೋಡಿಸಿ ನಿಲ್ಲುವುದು, ಅದೇ ಭಂಗಿಯಲ್ಲಿ ಕಣ್ಣು ಮುಚ್ಚುವುದು, ನೆಲದ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯುವುದು ಸೇರಿದವು. ಕಣ್ಣು ಮುಚ್ಚಿದಾಗ ನಾನು ವಾಲುತ್ತಿದ್ದುದರಿಂದ ಅವರು ಎರಡೂ ಕೈಗಳನ್ನು ನನ್ನ ಸುತ್ತ ಚಾಚಿ ನಿಂತಿರುತ್ತಿದ್ದರು; ಒಮ್ಮೆಯೂ ಫೋನ್ ನೋಡಲಿಲ್ಲ.

ಕೈಯ ಕೆಲಸವನ್ನು ಅವರು ನಮ್ಮ ಮನೆಯ ಸಾಮಾನುಗಳಿಂದಲೇ ಮಾಡಿಸಿದರು. ಅಕ್ಕಿಯ ಡಬ್ಬಿಯಲ್ಲಿ ನಾಣ್ಯ ಹುಡುಕುವುದು, ಅವರೆಕಾಯಿ ಸುಲಿಯುವುದು, ಎರಡು ಸ್ಟೀಲ್ ಲೋಟಗಳಲ್ಲಿ ಬೆಚ್ಚಗಿನ ನೀರು ಯಾವುದು, ತಣ್ಣನೆಯದು ಯಾವುದು ಎಂದು ಹೇಳುವುದು ನನ್ನ ದಿನಚರಿಯಾಯಿತು. ಸಿರಿಂಕ್ಸ್ ಕುಗ್ಗಿದರೂ ಕಳೆದುಹೋದ ಸ್ಪರ್ಶವೆಲ್ಲ ಮರಳಿ ಬರುವ ಭರವಸೆ ಕೊಡಲಾಗದು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಒಲೆಯ ಬಳಿ ಎಡಗೈಯಿಂದ ಬಿಸಿ ಪರೀಕ್ಷಿಸಬೇಕು, ಬಾಯಿ ತೆರೆದು ಸೀನಬೇಕು, ಮಲಬದ್ಧತೆಯಾಗಿ ಮುಕ್ಕರಿಯುವಂತಾಗಬಾರದು, ನೀರಿನ ಕೊಡ ಎತ್ತಲೇಬಾರದು ಎಂಬ ಸೂಚನೆಗಳನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟರು. ನಮ್ಮ ಅತ್ತೆಯವರು ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾರೆ. ಹೊರಗಿನಿಂದ ಚೆನ್ನಾಗಿ ಕಾಣುವ ಸೊಸೆ ಏಕೆ ಕೊಡ ಎತ್ತುವುದಿಲ್ಲ ಎಂದು ಮನೆಗೆ ಬಂದವರು ಕೇಳಿದರೆ ಅವರೇ ಆ ಹಾಳೆಯನ್ನು ತೋರಿಸುತ್ತಾರೆ.

ಈಗ ಕೆಮ್ಮಿದಾಗ ತಲೆ ಹಿಡಿದುಕೊಳ್ಳುವ ಸ್ಥಿತಿಯಿಲ್ಲ. ಗೆರೆಯ ಮೇಲೆ ಇಪ್ಪತ್ತು ಹೆಜ್ಜೆ ನಡೆಯುತ್ತೇನೆ. ಬಲಗೈಯ ಎರಡು ಬೆರಳುಗಳಿಗೆ ಬಿಸಿ ಇನ್ನೂ ತಿಳಿಯುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಕೇಂದ್ರ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಮೆಟ್ಟಿಲಿಗೆ ಒಂದೇ ಬದಿಯಲ್ಲಿ ಕಂಬಿಯಿದೆ. ಸಮತೋಲನ ತಪ್ಪುವವರೇ ಬರುವ ಜಾಗದಲ್ಲಿ ಇದು ಸಣ್ಣ ಲೋಪವಲ್ಲ. ಎರಡು ಬಾರಿ ತಿಳಿಸಿದರೂ ಇನ್ನೊಂದು ಕಂಬಿ ಬಂದಿಲ್ಲ. ಸಂಜೆ ಕಾಯುವುದು ನಲವತ್ತು ನಿಮಿಷ ಮೀರುತ್ತದೆ, ಕಾಯುವವರ ಕುರ್ಚಿಗಳಲ್ಲಿ ತಲೆಗೆ ಆಧಾರವಿಲ್ಲ. ಒಂದು ಸಲಕ್ಕೆ ನನ್ನಿಂದ 350 ರೂಪಾಯಿ ಪಡೆದರು, ಮನೆಗೆ ಬಂದಾಗ 500. ಮೆಟ್ಟಿಲು ಹತ್ತಲಾಗದವರು ಹಿಂದಿನ ದಿನವೇ ಫೋನ್ ಮಾಡಿ ಮನೆಗೆ ಕರೆಸಿಕೊಳ್ಳುವುದು ಒಳ್ಳೆಯದು. ಡಿಸ್ಚಾರ್ಜ್ ಸಮರಿಯನ್ನೂ ಎಂ.ಆರ್.ಐ. ಫಿಲ್ಮನ್ನೂ ಸಿದ್ಧವಾಗಿಟ್ಟುಕೊಂಡಿರಿ, ಅವರು ಮೊದಲು ಕೇಳುವುದು ಅದನ್ನೇ.