ಇಶಿಕಿರಿ ದೇಗುಲಕ್ಕೆ ಹೋಗುವವರು ಇಳಿಜಾರಿನ ಅಂಗಡಿಗಳ ಬಗ್ಗೆ ಎಚ್ಚರದಿಂದಿರಿ

ಊರಿನಿಂದ ಬಂದ ಹಿರಿಯರನ್ನು ಜಪಾನಿನ ಹಿಗಾಶಿ ಒಸಾಕಾ ನಗರದ ಇಶಿಕಿರಿ ತ್ಸುರುಗಿಯಾ ಶಿಂಟೊ ದೇಗುಲಕ್ಕೆ ಕರೆದೊಯ್ಯಬೇಕೆಂದಿರುವ ಕನ್ನಡಿಗರು, ಕಳೆದ ವರ್ಷ ನಮಗಾದದ್ದನ್ನು ತಿಳಿದುಕೊಂಡು ಹೊರಡಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅಲ್ಲಿಯ ಜನ ಈ ದೇವರನ್ನು 'ದೆಂಬೊ'ದ ದೇವರು ಎನ್ನುತ್ತಾರೆ. ಒಸಾಕಾದ ಆಡುಮಾತಿನಲ್ಲಿ ದೆಂಬೊ ಎಂದರೆ ಕುರು, ಗಡ್ಡೆ. ಅಮ್ಮನ ಕತ್ತಿನಲ್ಲಿ ಗಂಟೊಂದು ಕಾಣಿಸಿಕೊಂಡು, ಊರಿಗೆ ಮರಳಿದ ವಾರವೇ ಬಯಾಪ್ಸಿ (ಗಂಟಿನ ತುಣುಕು ತೆಗೆದು ನೋಡುವ ಪರೀಕ್ಷೆ) ಮಾಡಿಸುವುದೆಂದು ನಿಗದಿಯಾಗಿದ್ದರಿಂದ, ಅದಕ್ಕೆ ಮೊದಲು ಒಮ್ಮೆ ಕೈಮುಗಿದು ಬರೋಣವೆಂದು ಹೊರಟೆವು.

ದೇಗುಲದಲ್ಲಿ ನಮಗೆ ಯಾವ ತೊಂದರೆಯೂ ಆಗಲಿಲ್ಲ. ಪ್ರವೇಶಕ್ಕೆ ಹಣವಿಲ್ಲ. ಹರಕೆ ಹೊತ್ತವರು ಎಣಿಕೆಗಾಗಿ ದಾರದ ಕಟ್ಟು ಹಿಡಿದು, ಎರಡು ಕಲ್ಲುಕಂಬಗಳ ನಡುವೆ ನೂರು ಸುತ್ತು ಮೌನವಾಗಿ ನಡೆಯುತ್ತಾರೆ. ಮಂಡಿನೋವಿದ್ದರೂ ಅಮ್ಮ ಅವರ ಹಿಂದೆ ಹನ್ನೊಂದು ಸುತ್ತು ನಡೆದರು; ಅಷ್ಟು ನೆಮ್ಮದಿಯ ಮುಖವನ್ನು ನಾನು ತಿಂಗಳುಗಳಿಂದ ಕಂಡಿರಲಿಲ್ಲ.

ಕೆಟ್ಟದ್ದು ನಡೆದದ್ದು ಹಿಂದಿರುಗುವಾಗ. ದೇಗುಲದಿಂದ ಕಿಂಟೆತ್ಸು ರೈಲಿನ ಇಶಿಕಿರಿ ನಿಲ್ದಾಣಕ್ಕೆ ಏರುವ ದಾರಿಯುದ್ದಕ್ಕೂ ಭವಿಷ್ಯ ಹೇಳುವವರ ಅಂಗಡಿಗಳಿವೆ. ಒಂದರ ಫಲಕದಲ್ಲಿ 3,000 ಯೆನ್ ಎಂದಿತ್ತು. ಒಳಗಿದ್ದ ಹೆಂಗಸು ಅಮ್ಮನ ಕೈ ಹಿಡಿದು, ಕತ್ತಿನ ಕಡೆ ನೋಡಿ, ಹಿರಿಯರ ಆತ್ಮಗಳು ತೃಪ್ತಿಯಾಗಿಲ್ಲ ಎಂದಳು. ಅದನ್ನು 'ಪಿತೃದೋಷವಂತೆ ಅಮ್ಮ' ಎಂದು ಕನ್ನಡಕ್ಕೆ ತಂದವನು ನಾನೇ. ಜಪಾನಿ ಭಾಷೆಯಲ್ಲಿ ಕೇಳಿದ್ದರೆ ಅಮ್ಮನನ್ನು ತಟ್ಟದೇ ಹೋಗುತ್ತಿದ್ದ ಮಾತು, ಆ ಒಂದು ಪದದಿಂದ ಅವರ ಎದೆಯಲ್ಲಿ ಕೂತುಬಿಟ್ಟಿತು. 58,000 ಯೆನ್ ಕೊಟ್ಟು ಸ್ಫಟಿಕದ ಕೈಸರ ಕೊಂಡೆವು. ಅದನ್ನು ನೂರು ದಿನ ತೊಟ್ಟಿರಬೇಕು, ಅಲ್ಲಿಯವರೆಗೆ ಮೈಗೆ ಸೂಜಿಯಾಗಲಿ ಕತ್ತಿಯಾಗಲಿ ತಾಗಬಾರದು ಎಂಬ ಕಟ್ಟಳೆ ಬೇರೆ.

ಊರಿಗೆ ಹೋದ ಅಮ್ಮ ಬಯಾಪ್ಸಿಯನ್ನು ಮುಂದೂಡಿದರು, ನಮಗೆ ಹೇಳಲಿಲ್ಲ. ಅದು ಥೈರಾಯ್ಡ್ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಮೂರೂವರೆ ತಿಂಗಳು ಕಳೆದಿತ್ತು. ಈಗ ಶಸ್ತ್ರಚಿಕಿತ್ಸೆಯಾಗಿದೆ, ಚೇತರಿಸಿಕೊಳ್ಳುತ್ತಿದ್ದಾರೆ.

ಆ ದಾರಿಯಲ್ಲಿರುವವರೆಲ್ಲ ಮೋಸಗಾರರೆಂದು ನಾನು ಹೇಳುವುದಿಲ್ಲ. ಆದರೆ ಮೊದಲು ಭಯ ಹುಟ್ಟಿಸಿ ಆಮೇಲೆ ಬೆಲೆ ಹೇಳುವ ಕಡೆ ಒಂದು ಕ್ಷಣವೂ ಕೂರಬೇಡಿ. ಚಿಕಿತ್ಸೆ ನಿಲ್ಲಿಸಿ ಎಂಬ ಮಾತು ಬಂದರೆ ಅದನ್ನು ಹಿರಿಯರಿಗೆ ಅನುವಾದಿಸಲೇಬೇಡಿ. ಅತೀಂದ್ರಿಯ ಶಕ್ತಿಯಿಂದ ಕೇಡು ಕಂಡಿತೆಂದು ಹೆದರಿಸಿ ಮಾರಿದ್ದರೆ, ಆ ಖರೀದಿಯನ್ನು ರದ್ದುಪಡಿಸಿಕೊಳ್ಳಲು 2019ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಜಪಾನಿನ ಗ್ರಾಹಕ ಒಪ್ಪಂದ ಕಾಯ್ದೆಯಲ್ಲಿ ಅವಕಾಶವಿದೆ. 188ಕ್ಕೆ ಕರೆ ಮಾಡಿದರೆ ಹತ್ತಿರದ ಗ್ರಾಹಕ ಸಲಹಾ ಕೇಂದ್ರಕ್ಕೆ ಸಂಪರ್ಕ ಕೊಡುತ್ತಾರೆ. ರಸೀದಿಯನ್ನು ಕೇಳಿ ಪಡೆಯಿರಿ. ನಾವು ಪಡೆದಿರಲಿಲ್ಲ.