ಒಂದೇ ಪೆಟ್ಟಿಗೆ, ಮೂರು ಬರಹ: ರಗ್ಗು ತಂದುಕೊಟ್ಟದ್ದು ಯಾವುದು?

ಬೀದಿಯಲ್ಲಿ ಮಲಗುವವರಿಗೆ ರಗ್ಗು ಸಂಗ್ರಹಿಸಲು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಗೇಟಿನಲ್ಲಿ ಪೆಟ್ಟಿಗೆ ಇಟ್ಟು, ವಾರಕ್ಕೊಂದು ಬರಹ ಅಂಟಿಸಿ ನೋಡಿದ್ದರ ಹೋಲಿಕೆ ಇದು.

ಮೊದಲನೆಯದು ಚುಚ್ಚುವ ಬರಹ: “ನಿಮ್ಮ ನಾಯಿಗೂ ಹಾಸಿಗೆ ಇದೆ. ಇವರಿಗೆ?” ಕೆಳಗೆ ಫುಟ್‌ಪಾತ್ ಮೇಲೆ ಮಲಗಿದವರ ಫೋಟೊ. ಎಲ್ಲರೂ ನಿಂತು ಓದಿದರು. ಪೆಟ್ಟಿಗೆಗೆ ಬಿದ್ದದ್ದು ಮಾತ್ರ ಹರಿದ ಚೂಡಿದಾರ, ಒಂಟಿ ಸಾಕ್ಸು, ಎಣ್ಣೆ ಕಲೆಯ ದಿಂಬಿನ ಕವರು. ಏನು ಬೇಕು ಎಂದು ಬರಹ ಹೇಳಲೇ ಇಲ್ಲ. ಚುರುಕ್ ಅಂದ ಮನಸ್ಸು ಕೈಗೆ ಸಿಕ್ಕಿದ್ದನ್ನು ಹಾಕಿ ಹಗುರಾಯಿತು. ನಾಯಿ ಸಾಕಿದವರು ಜಗಳಕ್ಕೂ ಬಂದರು. ಎಲ್ಲಕ್ಕಿಂತ ದೊಡ್ಡ ತಪ್ಪು ಆ ಫೋಟೊ: ಮಲಗಿದ್ದವರನ್ನು ಯಾರೂ ಕೇಳಿರಲಿಲ್ಲ.

ಎರಡನೆಯದು “ದಾನ ಮಾಡಿ, ಪುಣ್ಯ ಗಳಿಸಿ”. ಯಾರ ಕಣ್ಣಿಗೂ ಬೀಳಲಿಲ್ಲ.

ಮೂರನೆಯದು: “ರಾತ್ರಿ 2 ಗಂಟೆಗೆ ಫುಟ್‌ಪಾತ್ ಎಷ್ಟು ತಣ್ಣಗಿರುತ್ತೆ?” ಎಂದು ದೊಡ್ಡಕ್ಷರದಲ್ಲಿ. ಅದರಡಿ, “ಒಗೆದ, ಹರಿಯದ ರಗ್ಗು ಒಂದು ಬೇಕು. ಶನಿವಾರ ರಾತ್ರಿ ಹಂಚುತ್ತೇವೆ.” ನಿಂತವರು ಮೊದಲ ವಾರಕ್ಕಿಂತ ಕಡಿಮೆ, ಆದರೆ ಬಂದದ್ದು ರಗ್ಗೇ, ಅದೂ ಮಡಚಿ ಕವರಿನಲ್ಲಿಟ್ಟದ್ದು. ನಮ್ಮ ಆಯ್ಕೆ ಇದೇ.

ಚುಚ್ಚುವುದೇ ತಪ್ಪು ಎನ್ನಲಾಗದು, ಯಾರಿಗೆ ಚುಚ್ಚುತ್ತದೆ ಎಂಬುದು ಮುಖ್ಯ. 2012ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಒಂದು ಜಾಹೀರಾತು ಸಂಸ್ಥೆ ಮನೆಯಿಲ್ಲದವರ ಕೈಗೆ ವೈಫೈ ಸಾಧನ ಕೊಟ್ಟು, “ನಾನು (ಅವರ ಹೆಸರು), 4ಜಿ ಹಾಟ್‌ಸ್ಪಾಟ್” ಎಂಬ ಟೀ ಶರ್ಟ್ ತೊಡಿಸಿತು. 15 ನಿಮಿಷದ ಇಂಟರ್ನೆಟ್‌ಗೆ 2 ಡಾಲರ್ ಕೊಡಿ ಎಂಬ ಸೂಚನೆ, ಹಣ ತೊಟ್ಟವರಿಗೇ. ಆದರೂ ಜನ ಸಿಟ್ಟಾದರು, ಆ ಸಾಲು ಮನುಷ್ಯನನ್ನೇ ಯಂತ್ರ ಮಾಡಿತ್ತು. ಲಂಡನ್ನಿನಲ್ಲಿ 1991ರಿಂದ ಇರುವ ‘ಬಿಗ್ ಇಶ್ಯೂ’ ಪತ್ರಿಕೆಯ ದಾರಿ ಬೇರೆ: ಅದನ್ನು ಮಾರುವ ಮನೆಯಿಲ್ಲದವರು, ಬಡವರು ಅರ್ಧ ಬೆಲೆಗೆ ಕೊಂಡು ಪೂರ್ತಿ ಬೆಲೆಗೆ ಮಾರುತ್ತಾರೆ, ಅವರು ವ್ಯಾಪಾರಿಗಳು. ಬಾರ್ಸಿಲೋನಾದ ಅರೆಲ್ಸ್ ಸಂಸ್ಥೆ 2014ರಲ್ಲಿ ಬೀದಿಯಲ್ಲಿ ಬದುಕಿದವರ ಕೈಬರಹವನ್ನೇ ಫಾಂಟ್ ಮಾಡಿ ಮಾರಾಟಕ್ಕಿಟ್ಟಿತು. ಕಣ್ಣು ಸೆಳೆಯುವುದರಲ್ಲಿ ಇವೂ ಹಿಂದಿಲ್ಲ, ಆದರೆ ಸೆಳೆದದ್ದು ಅವರ ಕೆಲಸದ ಕಡೆಗೆ.

ಮಾಡಿ ನೋಡುವವರಿಗೆ: ಎ3 ಹಾಳೆ ಸಾಕು, ಮೊದಲ ಸಾಲು ಹತ್ತು ಹೆಜ್ಜೆ ದೂರದಿಂದ ಓದಲು ಬರಬೇಕು. ಹಳೆ ಬಟ್ಟೆಗೆ ಪಕ್ಕದಲ್ಲೇ ಇನ್ನೊಂದು ಪೆಟ್ಟಿಗೆ ಇಡಿ, ಇಲ್ಲದಿದ್ದರೆ ಎಲ್ಲ ಇದಕ್ಕೇ ಬೀಳುತ್ತದೆ. ಪೆಟ್ಟಿಗೆಯನ್ನು ದಿನಾ ಸಂಜೆ ಖಾಲಿ ಮಾಡಿ. ತುಂಬಿದ ಪೆಟ್ಟಿಗೆ ಕಸದ ಡಬ್ಬದಂತೆ ಕಂಡರೆ ಕಸವೇ ಬರುತ್ತದೆ.

ದಪ್ಪ ರಜಾಯಿ ಕೇಳಬೇಡಿ. ಬೆಳಿಗ್ಗೆ ಎದ್ದ ಮೇಲೆ ಅದನ್ನು ಹೊತ್ತು ತಿರುಗುವುದು ಆಗದು. ಫುಟ್‌ಪಾತಿನಲ್ಲೇ ಬಿಟ್ಟರೆ ಕಸದ ಗಾಡಿಗೆ ಹೋಗುತ್ತದೆ, ನೆನೆದರೆ ಎರಡು ದಿನ ಒಣಗದು. ಕೈಚೀಲದಲ್ಲಿ ಹಿಡಿಸುವಷ್ಟು ತೆಳ್ಳನೆಯ, ಕೊಳೆ ಕಾಣದ ಗಾಢ ಬಣ್ಣದ ಫ್ಲೀಸ್ (ಮೆತ್ತನೆಯ ಸಿಂಥೆಟಿಕ್ ಬಟ್ಟೆ) ರಗ್ಗು ಲೇಸು. ಫೋಟೊ ಬೇಕೇ ಬೇಕೆಂದರೆ ಮಡಚಿಟ್ಟ ಆ ರಗ್ಗಿನದೇ ಹಾಕಿ. ಮುದ್ರಿಸುವ ಮೊದಲು, ಕಳೆದ ಸಲ ರಗ್ಗು ತೆಗೆದುಕೊಂಡ ಒಬ್ಬರಿಗಾದರೂ ಬರಹವನ್ನು ಓದಿ ಹೇಳಿ. ಅವರು ಮುಖ ತಿರುಗಿಸಿದರೆ ಸಾಲು ಬದಲಿಸಿ.