ಐದು ಆಲ್ಬಮ್, ಇಪ್ಪತ್ತು ಹಾಡು: 1984ರ ಬಿಲ್‌ಬೋರ್ಡ್ ಅಗ್ರಸ್ಥಾನ

ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಮ್ ಪಟ್ಟಿಯಲ್ಲಿ 1984ರ 52 ವಾರಗಳಲ್ಲಿ ಮೊದಲ ಸ್ಥಾನ ಕಂಡದ್ದು ಐದೇ ಐದು ಆಲ್ಬಮ್‌ಗಳು. ಅದೇ ವರ್ಷ ಅದೇ ಪತ್ರಿಕೆಯ ಹಾಟ್ 100 ಎಂಬ ಹಾಡುಗಳ ಪಟ್ಟಿಯಲ್ಲಿ ಇಪ್ಪತ್ತು ಹಾಡುಗಳು ಮೊದಲ ಸ್ಥಾನಕ್ಕೆ ಬಂದುಹೋದವು. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ನನ್ನನ್ನು ಆ ವರ್ಷದತ್ತ ಎಳೆಯಿತು. ಕಳೆದ ಒಂದು ತಿಂಗಳಿನಿಂದ ಆ ಇಪ್ಪತ್ತು ಹಾಡುಗಳನ್ನು ಅವು ಅಗ್ರಸ್ಥಾನಕ್ಕೇರಿದ ವಾರಗಳ ಕ್ರಮದಲ್ಲೇ ಜೋಡಿಸಿಕೊಂಡು ಕೇಳಿದ್ದೇನೆ. ಐದು ಆಲ್ಬಮ್‌ಗಳನ್ನೂ ಒಂದು ಹಾಡನ್ನೂ ದಾಟಿಸದೆ, ಮೊದಲಿನಿಂದ ಕೊನೆಯವರೆಗೆ ಕೇಳಿದ್ದೇನೆ. ಇವುಗಳಲ್ಲಿ ಯಾವುದನ್ನು ಸಂಗ್ರಹದಲ್ಲಿ ಇಟ್ಟುಕೊಳ್ಳಬೇಕು, ಯಾವುದನ್ನು ಒಮ್ಮೆ ಕೇಳಿ ಬಿಡಬಹುದು ಎಂದು ಕೇಳುವವರಿಗಾಗಿ ಈ ವಿಮರ್ಶೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಆ ವರ್ಷ ಹೇಗೆ ಕೇಳಿಸುತ್ತಿತ್ತು ಎಂಬುದನ್ನು ಹಾಡುಗಳ ಪಟ್ಟಿಯೇ ಚೆನ್ನಾಗಿ ತಿಳಿಸುತ್ತದೆ, ಆಲ್ಬಮ್ ಪಟ್ಟಿಯಲ್ಲಿ ಇಡಿಯಾಗಿ ಕೇಳಲೇಬೇಕಾದವು ಮೂರು, ಆ ಮೂರರಲ್ಲೂ ಒಂದು ಉಳಿದೆಲ್ಲಕ್ಕಿಂತ ಎತ್ತರದಲ್ಲಿದೆ.

ಪಟ್ಟಿ ಹೇಗೆ ತಯಾರಾಗುತ್ತಿತ್ತು ಎಂಬುದನ್ನು ತಿಳಿಯದೆ ಅದನ್ನು ನಂಬುವುದು ಸರಿಯಲ್ಲ. ಆಗ ಪ್ರತಿ ಮಾರಾಟವನ್ನೂ ಎಣಿಸುವ ಯಂತ್ರವ್ಯವಸ್ಥೆ ಇರಲಿಲ್ಲ. ಆಯ್ದ ರೆಕಾರ್ಡ್ ಅಂಗಡಿಗಳವರು ಆ ವಾರ ಯಾವುದು ಹೆಚ್ಚು ಮಾರಾಟವಾಯಿತು ಎಂದು ವರದಿ ಕೊಡುತ್ತಿದ್ದರು. ಹಾಡುಗಳ ಪಟ್ಟಿಗೆ ಅದರ ಜೊತೆಗೆ ರೇಡಿಯೊ ಕೇಂದ್ರಗಳ ಪ್ರಸಾರದ ವರದಿಯೂ ಸೇರುತ್ತಿತ್ತು. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಮಾರಾಟವನ್ನು ದಾಖಲಿಸುವ ಸೌಂಡ್‌ಸ್ಕ್ಯಾನ್ ಪದ್ಧತಿಯನ್ನು ಬಿಲ್‌ಬೋರ್ಡ್ ಒಪ್ಪಿಕೊಂಡದ್ದು 1991ರಲ್ಲಿ. ಅದಕ್ಕೆ ಮುಂಚೆ ಹೊಸ ಆಲ್ಬಮ್ ಒಂದು ಬಿಡುಗಡೆಯಾದ ಕೂಡಲೇ ಮೊದಲ ಸ್ಥಾನಕ್ಕೆ ನುಗ್ಗುವುದು ತೀರಾ ವಿರಳವಾಗಿತ್ತು. ಮೆಟ್ಟಿಲು ಮೆಟ್ಟಿಲಾಗಿ ಏರಬೇಕಿತ್ತು, ಏರಿದ ಮೇಲೆ ಸುಲಭವಾಗಿ ಇಳಿಯುತ್ತಿರಲಿಲ್ಲ. 1984ರ ಆಲ್ಬಮ್ ಪಟ್ಟಿ ಅಷ್ಟು ನಿಶ್ಚಲವಾಗಿ ಕಾಣುವುದಕ್ಕೆ ಆಲ್ಬಮ್‌ಗಳ ಗುಣದ ಜೊತೆಗೆ ಎಣಿಕೆಯ ಈ ಕ್ರಮವೂ ಒಂದು ಕಾರಣ.

ವರ್ಷದ ಮೊದಲ 15 ವಾರಗಳು ಮೈಕೆಲ್ ಜಾಕ್ಸನ್ ಅವರ ಥ್ರಿಲ್ಲರ್‌ನವು. ಅದು ಹೊಸ ಆಲ್ಬಮ್ ಆಗಿರಲಿಲ್ಲ. 1982ರ ನವೆಂಬರ್ ಕೊನೆಯಲ್ಲೇ ಬಂದಿತ್ತು. ಆದರೆ ಶೀರ್ಷಿಕೆ ಗೀತೆಯ ಸುಮಾರು 14 ನಿಮಿಷಗಳ ಚಿತ್ರರೂಪ 1983ರ ಡಿಸೆಂಬರಿನಲ್ಲಿ ಸಂಗೀತದ ಟಿವಿ ವಾಹಿನಿಯಾದ ಎಂಟಿವಿಯಲ್ಲಿ ಪ್ರಸಾರವಾಯಿತು, 1984ರ ಫೆಬ್ರವರಿ 28ರಂದು ಜಾಕ್ಸನ್ ಒಂದೇ ರಾತ್ರಿ ಎಂಟು ಗ್ರ್ಯಾಮಿ ಪ್ರಶಸ್ತಿಗಳನ್ನು ಪಡೆದರು, ಹಳೆಯ ಆಲ್ಬಮ್‌ಗೆ ಎರಡನೆಯ ಆಯುಷ್ಯ ಬಂದಿತು. ಒಂಬತ್ತು ಹಾಡುಗಳಲ್ಲಿ ಏಳು ಸಿಂಗಲ್‌ಗಳಾಗಿ, ಅಂದರೆ ಬಿಡಿ ಹಾಡಿನ ರೆಕಾರ್ಡ್‌ಗಳಾಗಿ ಹೊರಬಂದು, ಏಳೂ ಮೊದಲ ಹತ್ತರೊಳಗೆ ಸೇರಿದ ಕೃತಿಯ ಬಗ್ಗೆ ಇನ್ನು ಹೊಸದಾಗಿ ಹೇಳಲು ಹೆಚ್ಚೇನೂ ಉಳಿದಿಲ್ಲ. ಅದರ ನೆರಳಿನಲ್ಲಿ ಸಿಕ್ಕವರ ಬಗ್ಗೆ ಮಾತ್ರ ಹೇಳಬೇಕು. ವ್ಯಾನ್ ಹೇಲನ್ ತಂಡದ ಆಲ್ಬಮ್‌ನ ಹೆಸರೇ 1984. ಅದರ ಜಂಪ್ ಎಂಬ ಹಾಡು ಐದು ವಾರ ಹಾಡುಗಳ ಪಟ್ಟಿಯ ಮೇಲ್ತುದಿಯಲ್ಲಿದ್ದರೂ, ಆ ವರ್ಷದ ಹೆಸರನ್ನೇ ಹೊತ್ತ ಆಲ್ಬಮ್ ಎರಡನೆಯ ಸ್ಥಾನದಿಂದ ಮೇಲೇರಲಿಲ್ಲ. ಮೇಲೆ ಥ್ರಿಲ್ಲರ್ ಕುಳಿತಿತ್ತು. ಅದೇ ಥ್ರಿಲ್ಲರ್‌ನ ಬೀಟ್ ಇಟ್ ಹಾಡಿನಲ್ಲಿ ಕಿಡಿಯಂತೆ ಬರುವ ಗಿಟಾರ್ ವಾದನ ಎಡ್ಡಿ ವ್ಯಾನ್ ಹೇಲನ್ ಅವರದು ಎಂಬುದನ್ನು ನೆನೆದರೆ, ಅವರು ತಮ್ಮ ದಾರಿಗೆ ತಾವೇ ಒಂದು ಕಲ್ಲನ್ನು ಇಟ್ಟಂತಾಯಿತು. ಗಿಟಾರಿಗೆ ಹೆಸರಾದ ಅವರು ಜಂಪ್ ಹಾಡನ್ನು ಸಿಂಥಸೈಜರ್‌ನ ಅಗಲವಾದ ಸ್ವರಗುಚ್ಛಗಳಿಂದ ಆರಂಭಿಸಿದ್ದು ಇಂದಿಗೂ ಮೈ ನವಿರೇಳಿಸುತ್ತದೆ.

ಅನಂತರದ ಹತ್ತು ವಾರಗಳು ಫುಟ್‌ಲೂಸ್ ಚಿತ್ರದ ಧ್ವನಿಮುದ್ರಿಕೆಯವು. ಚಿತ್ರಕಥೆ ಬರೆದ ಡೀನ್ ಪಿಚ್‌ಫರ್ಡ್ ಅವರೇ ಬೇರೆ ಬೇರೆ ಸಂಗೀತಗಾರರೊಂದಿಗೆ ಕೂಡಿ ಎಲ್ಲ ಹಾಡುಗಳನ್ನೂ ಬರೆದಿದ್ದಾರೆ. ಆದರೂ ಹಾಡುಗಳು ಒಂದೇ ಎತ್ತರದಲ್ಲಿಲ್ಲ. ಕೆನ್ನಿ ಲಾಗಿನ್ಸ್ ಅವರ ಶೀರ್ಷಿಕೆ ಗೀತೆ, ಡೆನೀಸ್ ವಿಲಿಯಮ್ಸ್ ಅವರ ಲೆಟ್ಸ್ ಹಿಯರ್ ಇಟ್ ಫಾರ್ ದ ಬಾಯ್, ಬಾನಿ ಟೈಲರ್ ಅವರ ಹೋಲ್ಡಿಂಗ್ ಔಟ್ ಫಾರ್ ಎ ಹೀರೊ, ಈ ಮೂರನ್ನು ಇಟ್ಟುಕೊಂಡರೆ ಸಾಕು. ಜೂನ್ 30ರ ಒಂದೇ ಒಂದು ವಾರ ಹ್ಯೂಯಿ ಲೂಯಿಸ್ ಮತ್ತು ಅವರ ನ್ಯೂಸ್ ತಂಡದ ಸ್ಪೋರ್ಟ್ಸ್ ಆಲ್ಬಮ್ ಮೇಲಿತ್ತು. ಅಚ್ಚುಕಟ್ಟಾದ, ಸಂತೋಷ ಕೊಡುವ ವಾದನ. ಎರಡನೆಯ ಸಲ ಕೇಳಬೇಕೆಂಬ ಒತ್ತಾಯ ನನ್ನಲ್ಲಿ ಹುಟ್ಟಲಿಲ್ಲ.

ಜುಲೈ ತಿಂಗಳಿಗೆ ಬಂದಾಗ ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ಜುಲೈ 7ರಂದು ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಬಾರ್ನ್ ಇನ್ ದ ಯು.ಎಸ್.ಎ. ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ದಿನ ಪ್ರಿನ್ಸ್ ಅವರ ವೆನ್ ಡವ್ಸ್ ಕ್ರೈ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಸ್ಪ್ರಿಂಗ್‌ಸ್ಟೀನ್ ಅವರ ಡಾನ್ಸಿಂಗ್ ಇನ್ ದ ಡಾರ್ಕ್ ಅದರ ಕೆಳಗೆ, ಎರಡನೆಯ ಸ್ಥಾನದಲ್ಲಿ ನಿಂತಿತು. ಹಿಂದಿನ ವಾರ ಡುರಾನ್ ಡುರಾನ್ ತಂಡದ ದ ರಿಫ್ಲೆಕ್ಸ್ ಅದನ್ನು ತಡೆದಿತ್ತು. ಈಗ ಪ್ರಿನ್ಸ್ ತಡೆದರು. ಒಟ್ಟು ನಾಲ್ಕು ವಾರ ಎರಡರಲ್ಲೇ ಉಳಿದ ಆ ಹಾಡಿಗೆ ಮುಂದೆಂದೂ ಮೊದಲ ಸ್ಥಾನ ದೊರೆಯಲಿಲ್ಲ. ಆಲ್ಬಮ್ ಸಿದ್ಧವಾದ ಮೇಲೂ ಜನರನ್ನು ಕೂಡಲೇ ಹಿಡಿಯುವ ಒಂದು ಹಾಡು ಬೇಕೆಂದು ವ್ಯವಸ್ಥಾಪಕ ಜಾನ್ ಲಾಂಡೌ ಪಟ್ಟು ಹಿಡಿದಾಗ, ಬೇಸತ್ತ ಸ್ಪ್ರಿಂಗ್‌ಸ್ಟೀನ್ ರಾತ್ರೋರಾತ್ರಿ ಬರೆದ ಹಾಡು ಅದು. ಕುಣಿತದ ಲಯದ ಕೆಳಗೆ ತನ್ನ ಬಗ್ಗೆ ತನಗೇ ರೋಸಿಹೋದ ಮನುಷ್ಯನೊಬ್ಬನ ಮಾತಿದೆ. ಮೊದಲ ಸ್ಥಾನದವರನ್ನಷ್ಟೇ ಎಣಿಸುವ ಪಟ್ಟಿ ಇಂಥ ಹಾಡನ್ನು ಕೈಬಿಡುತ್ತದೆ ಎಂಬುದೇ ಅದರ ದೊಡ್ಡ ಕೊರತೆ.

ಬಾರ್ನ್ ಇನ್ ದ ಯು.ಎಸ್.ಎ. ಆಲ್ಬಮ್‌ನ ಹನ್ನೆರಡು ಹಾಡುಗಳಲ್ಲಿ ಏಳು ಮೊದಲ ಹತ್ತರೊಳಗೆ ಬಂದವು. ಶೀರ್ಷಿಕೆ ಗೀತೆಯ ಪಲ್ಲವಿಯನ್ನಷ್ಟೇ ಕೇಳಿದವರು ಅದನ್ನು ದೇಶಾಭಿಮಾನದ ಘೋಷಣೆ ಎಂದುಕೊಂಡರು. ಅದೇ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಚುನಾವಣಾ ಭಾಷಣವೊಂದರಲ್ಲಿ ಅಧ್ಯಕ್ಷ ರೇಗನ್ ಅವರೂ ಸ್ಪ್ರಿಂಗ್‌ಸ್ಟೀನ್ ಅವರ ಹೆಸರನ್ನು ಎತ್ತಿಕೊಂಡರು. ಚರಣಗಳನ್ನು ಕೇಳಿದರೆ, ವಿಯೆಟ್ನಾಂ ಯುದ್ಧದಿಂದ ಮರಳಿ ಊರಿನಲ್ಲಿ ಕೆಲಸವೂ ಸಿಗದೆ ಅಲೆಯುವ ಸೈನಿಕನ ಅಳಲು ಅದು. ಪಲ್ಲವಿ ಒಂದು ಕಡೆಗೂ ಚರಣ ಇನ್ನೊಂದು ಕಡೆಗೂ ಜಗ್ಗುವ ಈ ರಚನೆಯಲ್ಲೇ ಹಾಡಿನ ಬಲವಿದೆ. ಅದಕ್ಕಾಗಿ ಸಾಹಿತ್ಯವನ್ನು ಕಣ್ಣೆದುರು ಇಟ್ಟುಕೊಂಡು ಕೇಳಬೇಕೆಂದು ನನ್ನ ಸಲಹೆ. ಇಂಡಿಯಾನಾ ರಾಜ್ಯದ ಟೆರಿ ಹೋಟ್‌ನಲ್ಲಿ ಆ ವರ್ಷ ಆರಂಭವಾದ ಕಾರ್ಖಾನೆಯಲ್ಲಿ, ಮಾರಾಟಕ್ಕಾಗಿ ಅಮೆರಿಕದಲ್ಲೇ ಅಚ್ಚಾದ ಮೊದಲ ಸಿಡಿಯೂ ಇದೇ ಆಲ್ಬಮ್‌ನದು.

ಆಗಸ್ಟ್ 4ರಂದು ಪ್ರಿನ್ಸ್ ಅವರ ಪರ್ಪಲ್ ರೇನ್ ಆಲ್ಬಮ್ ಮೊದಲ ಸ್ಥಾನಕ್ಕೇರಿತು, ವರ್ಷ ಮುಗಿಯುವವರೆಗೂ ಇಳಿಯಲಿಲ್ಲ. ಜುಲೈ 27ರಂದು ಬಿಡುಗಡೆಯಾದ ಅದೇ ಹೆಸರಿನ ಚಿತ್ರ ಆ ವಾರಾಂತ್ಯದ ಗಳಿಕೆಯಲ್ಲಿ ಮುಂದಿತ್ತು. ಹಾಡು, ಆಲ್ಬಮ್, ಚಿತ್ರ ಮೂರರಲ್ಲೂ ಒಬ್ಬನೇ ಕಲಾವಿದ ಏಕಕಾಲಕ್ಕೆ ಮೇಲಿದ್ದ ಗಳಿಗೆ ಅದು. ವೆನ್ ಡವ್ಸ್ ಕ್ರೈ ಆ ವರ್ಷದ ಇಪ್ಪತ್ತರಲ್ಲಿ ಅತ್ಯುತ್ತಮವೆಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿದ ಪ್ರಿನ್ಸ್, ಬೇಸ್ ಗಿಟಾರ್ ಭಾಗವನ್ನು ಧ್ವನಿಮುದ್ರಿಸಿಕೊಂಡ ಮೇಲೆ ಅದನ್ನು ತೆಗೆದುಹಾಕಿದರು. ಕುಣಿತದ ಹಾಡಿಗೆ ಬೇಸ್ ಎಂದರೆ ಮನೆಗೆ ತಳಪಾಯವಿದ್ದಂತೆ. ಅದಿಲ್ಲದೆ ಡ್ರಮ್ ಮಷೀನಿನ ಒಣ ಪೆಟ್ಟು, ಗಿಟಾರ್, ಕೀಬೋರ್ಡಿನ ಎಳೆ ಮತ್ತು ಕಂಠ ಮಾತ್ರ ಉಳಿದು, ತಂದೆತಾಯಿಯರ ಜಗಳವನ್ನು ತನ್ನ ಪ್ರೇಮದಲ್ಲಿ ಮತ್ತೆ ಕಾಣುತ್ತಿರುವವನ ಒಂಟಿತನ ಆ ಖಾಲಿ ಜಾಗದಲ್ಲಿ ಪ್ರತಿಧ್ವನಿಸುತ್ತದೆ. ರೇಡಿಯೊಗಾಗಿ ಮೊಟಕುಗೊಳಿಸಿದ ಆವೃತ್ತಿ ನಾಲ್ಕು ನಿಮಿಷಗಳ ಒಳಗೆ ಮುಗಿಯುತ್ತದೆ. ಸುಮಾರು ಆರು ನಿಮಿಷಗಳ ಆಲ್ಬಮ್ ಆವೃತ್ತಿಯನ್ನೇ ಕೇಳಬೇಕು, ಏಕೆಂದರೆ ಕಂಠ ಪದಗಳನ್ನು ಬಿಟ್ಟು ಬರಿಯ ಕೂಗಾಗುವ ಭಾಗ ಕೊನೆಯಲ್ಲಿದೆ.

ಆಲ್ಬಮ್‌ನ ಒಂಬತ್ತು ಹಾಡುಗಳನ್ನು ಹಾಗೆಯೇ ಒಂದಾದ ಮೇಲೊಂದರಂತೆ ಕೇಳಿದರೆ ಕೊನೆಯ ಮೂರು ಬೇರೆಯೇ ಗಾಳಿಯಲ್ಲಿ ಉಸಿರಾಡುತ್ತಿರುವುದು ತಿಳಿಯುತ್ತದೆ. ಅವುಗಳ ಮೂಲ ಧ್ವನಿಮುದ್ರಣ ನಡೆದದ್ದು 1983ರ ಆಗಸ್ಟ್ 3ರಂದು ಮಿನಿಯಾಪೊಲಿಸ್‌ನ ಫಸ್ಟ್ ಅವೆನ್ಯೂ ಎಂಬ ನೈಟ್‌ಕ್ಲಬ್ಬಿನಲ್ಲಿ, ಪ್ರೇಕ್ಷಕರ ಎದುರಿನಲ್ಲಿ. ಎಂಟು ನಿಮಿಷ ಮೀರಿದ ಶೀರ್ಷಿಕೆ ಗೀತೆ ಸಿಂಗಲ್ ಆಗಿ ಎರಡನೆಯ ಸ್ಥಾನದವರೆಗೆ ಮಾತ್ರ ಬಂತು. ಮೇಲೆ ವ್ಯಾಮ್ ಜೋಡಿಯ ವೇಕ್ ಮಿ ಅಪ್ ಬಿಫೋರ್ ಯು ಗೋ-ಗೋ ಇತ್ತು. ನಗುನಗುತ್ತಾ ಓಡುವ ಆ ಹಾಡಿನ ಮೇಲೆ ನನಗೆ ಕೋಪವಿಲ್ಲ, ಆದರೆ ಆ ಎರಡು ವಾರಗಳ ಮಟ್ಟಿಗೆ ಪಟ್ಟಿ ತಪ್ಪಿತು. ಇದೇ ಆಲ್ಬಮ್‌ನ ಡಾರ್ಲಿಂಗ್ ನಿಕ್ಕಿ ಹಾಡಿನ ಮಾತುಗಳನ್ನು ತಮ್ಮ ಮಗಳ ಜೊತೆ ಕೇಳಿ ಗಾಬರಿಯಾದ, ಸೆನೆಟರ್ ಅಲ್ ಗೋರ್ ಅವರ ಪತ್ನಿ ಟಿಪ್ಪರ್ ಗೋರ್ 1985ರಲ್ಲಿ ಪೋಷಕರ ಸಂಘಟನೆಯೊಂದನ್ನು ಕಟ್ಟುವವರಲ್ಲಿ ಒಬ್ಬರಾದರು. ಆಲ್ಬಮ್‌ಗಳ ಮುಖಪುಟದ ಮೇಲೆ ಪೋಷಕರಿಗಾಗಿ ಹಾಕುವ ಎಚ್ಚರಿಕೆಯ ಚೀಟಿಯ ಮೂಲ ಅಲ್ಲಿದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ತಿಳಿದೇ ಹಾಕಬೇಕು. ಕೊಳ್ಳುವವರಿಗೆ 2017ರ ವಿಸ್ತೃತ ಆವೃತ್ತಿ ಸಿಗುತ್ತದೆ. ಮೊದಲ ಸಲ ಕೇಳುವವರು ಮೂಲದ ಒಂಬತ್ತು ಹಾಡುಗಳಲ್ಲೇ ನಿಲ್ಲುವುದು ಒಳ್ಳೆಯದು.

ಉಳಿದ ಹಾಡುಗಳಲ್ಲಿ ಸಿನಿಮಾದ ಪಾಲು ಎಷ್ಟೆಂದರೆ, ಆ ವರ್ಷದ ಚಿತ್ರಗಳಿಗೆ ಕೊಡುವ ಆಸ್ಕರ್‌ನ ಅತ್ಯುತ್ತಮ ಗೀತೆ ವಿಭಾಗಕ್ಕೆ ನಾಮನಿರ್ದೇಶನಗೊಂಡ ಐದೂ ಹಾಡುಗಳು ಇದೇ ಇಪ್ಪತ್ತರೊಳಗೆ ಇವೆ. ಫುಟ್‌ಲೂಸ್‌ನ ಎರಡು, ಫಿಲ್ ಕಾಲಿನ್ಸ್ ಅವರ ಅಗೇನ್ಸ್ಟ್ ಆಲ್ ಆಡ್ಸ್, ರೇ ಪಾರ್ಕರ್ ಜೂನಿಯರ್ ಅವರ ಘೋಸ್ಟ್‌ಬಸ್ಟರ್ಸ್, ಸ್ಟೀವಿ ವಂಡರ್ ಅವರ ಐ ಜಸ್ಟ್ ಕಾಲ್ಡ್ ಟು ಸೇ ಐ ಲವ್ ಯು. ಪ್ರಶಸ್ತಿ ಕೊನೆಯದಕ್ಕೆ ಹೋಯಿತು. 1970ರ ದಶಕದ ಸ್ಟೀವಿ ವಂಡರ್ ಅವರನ್ನು ಆರಾಧಿಸುವ ನನಗೆ ಆ ಹಾಡಿನ ತೆಳು ಯಂತ್ರಲಯ ನೋವು ಕೊಡುತ್ತದೆ. ರಾಗದ ಸರಳತೆ ಮನಸ್ಸಿಗೆ ಕೂಡಲೇ ಹತ್ತುತ್ತದೆ ಎಂಬುದು ನಿಜ, ಆದರೆ ಆ ಕಂಠಕ್ಕೆ ಅಷ್ಟು ಸಾಲದು. ನಾನಾಗಿದ್ದರೆ ಪ್ರಶಸ್ತಿಯನ್ನು ಫಿಲ್ ಕಾಲಿನ್ಸ್ ಅವರ ಹಾಡಿಗೆ ಕೊಡುತ್ತಿದ್ದೆ. ಪಿಯಾನೊದೊಂದಿಗೆ ತಗ್ಗಿದ ದನಿಯಲ್ಲಿ ಆರಂಭವಾಗಿ, ಬಹಳ ಹೊತ್ತು ಕಾಯಿಸಿ ಡ್ರಮ್ಸ್ ಬರುವಾಗ ಎದೆ ತುಂಬಿಬರುತ್ತದೆ.

ಇಪ್ಪತ್ತರಲ್ಲಿ ಮಹಿಳೆಯರು ಮುಖ್ಯ ಗಾಯಕಿಯರಾಗಿರುವವು ನಾಲ್ಕೇ: ಡೆನೀಸ್ ವಿಲಿಯಮ್ಸ್, ಸಿಂಡಿ ಲಾಪರ್, ಟೀನಾ ಟರ್ನರ್, ಮಡೋನಾ. ಈ ನಾಲ್ಕರಲ್ಲಿ ಎರಡು ವರ್ಷದ ಅತ್ಯುತ್ತಮ ಹಾಡುಗಳ ಸಾಲಿಗೆ ಸೇರುತ್ತವೆ. ಲಾಪರ್ ಅವರ ಟೈಮ್ ಆಫ್ಟರ್ ಟೈಮ್‌ನಲ್ಲಿ ಗಡಿಯಾರದಂತೆ ಮಿಡಿಯುವ ಲಯದ ಮೇಲೆ ಕಂಠ ಎಲ್ಲಿಯೂ ಅವಸರ ಮಾಡುವುದಿಲ್ಲ. ಟರ್ನರ್ ಅವರ ವಾಟ್ಸ್ ಲವ್ ಗಾಟ್ ಟು ಡು ವಿತ್ ಇಟ್ ಸೆಪ್ಟೆಂಬರಿನಲ್ಲಿ ಮೂರು ವಾರ ಮೇಲಿದ್ದಾಗ ಅವರಿಗೆ 44 ವರ್ಷ. ದಶಕಗಳ ಕಾಲ ಹಾಡಿದ ಮೇಲೆ ಬಂದ ಮೊದಲ ಅಗ್ರಸ್ಥಾನ ಅದು. ಪ್ರೀತಿಯನ್ನು ನಂಬಲು ಹೆದರುವ ಹೆಣ್ಣಿನ ಮಾತನ್ನು ಅವರು ಕೂಗಿ ಹೇಳದೆ, ಒರಟು ದನಿಯನ್ನು ಬಿಗಿಹಿಡಿದು ಹೇಳುತ್ತಾರೆ. ಆ ಹಿಡಿತ ಸಡಿಲವಾಗುವ ಒಂದೆರಡು ಕ್ಷಣಗಳಿಗಾಗಿ ನಾನು ಹಾಡನ್ನು ಮತ್ತೆ ಮತ್ತೆ ಹಾಕಿದ್ದೇನೆ. ಅದಿರುವ ಪ್ರೈವೇಟ್ ಡಾನ್ಸರ್ ಆಲ್ಬಮ್ ಮೂರನೆಯ ಸ್ಥಾನದವರೆಗೆ ಏರಿತು. ಅಗ್ರಸ್ಥಾನದ ಐದು ಆಲ್ಬಮ್‌ಗಳಲ್ಲಿ ಕೈಬಿಟ್ಟ ಎರಡರ ಜಾಗಕ್ಕೆ ಇದನ್ನೂ ಲಾಪರ್ ಅವರ ಶೀಸ್ ಸೋ ಅನ್‌ಯೂಶುವಲ್ ಅನ್ನೂ ತಂದುಕೊಂಡರೆ ಸಂಗ್ರಹ ತೃಪ್ತಿಕರವಾಗುತ್ತದೆ.

ಮಡೋನಾ ಅವರ ಲೈಕ್ ಎ ವರ್ಜಿನ್ ಡಿಸೆಂಬರ್ 22ರಂದು ಮೊದಲ ಸ್ಥಾನಕ್ಕೆ ಬಂದು, ಹೊಸ ವರ್ಷದೊಳಕ್ಕೂ ಸಾಗಿ ಒಟ್ಟು ಆರು ವಾರ ಅಲ್ಲಿತ್ತು. ಆಲ್ಬಮ್ ಪಟ್ಟಿಯಲ್ಲಿ ಪರ್ಪಲ್ ರೇನ್ 24 ವಾರಗಳನ್ನು ಪೂರೈಸಿ 1985ರ ಜನವರಿ 19ರಂದು ಸ್ಥಾನ ಬಿಟ್ಟುಕೊಟ್ಟಾಗ, ಆ ಜಾಗಕ್ಕೆ ಬಂದದ್ದು ಹೊಸ ಆಲ್ಬಮ್ ಅಲ್ಲ. ಬೇಸಿಗೆಯಲ್ಲಿ ಅದರಿಂದಲೇ ಕೆಳಗಿಳಿದಿದ್ದ ಬಾರ್ನ್ ಇನ್ ದ ಯು.ಎಸ್.ಎ. ಮರಳಿ ಏರಿ ಮೂರು ವಾರ ಕುಳಿತಿತು.